ಗುವಾಹಟಿಗೆ ಎರಡು ಸೀಟು

ಮದುವೆಗೆ ವಾರವಿರುವಾಗ ಕೆಂಪರಾಜು ಶಶಿರೇಖಾಳಿಗೆ ಒಂದು ಮಾತು ಕೊಟ್ಟಿದ್ದ. ಹೊಸೂರಿನ ಹತ್ತಿರದ ತಳಿ ಎಂಬ ಊರಿನ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪಿನ ಹೊರೆ ಇಳಿಸಿ ಇಬ್ಬರೂ ತಲೆಯೆತ್ತಿ ನಿಂತಿದ್ದರು. ಮೇಲೆ ಬಿಳಿ ಗೆರೆ ಎಳೆಯುತ್ತಾ ವಿಮಾನವೊಂದು ಹೋಗುತ್ತಿತ್ತು.

"ಅಲ್ಲಿಂದ ನಮ್ ತೋಟ ಹೆಂಗ್ ಕಾಣ್ತದೋ, ಬಾವ?"

"ಕಿಟಕಿ ಪಕ್ಕ ಕೂರ್ಸಿ ತೋರಿಸ್ತೀನಿ. ನೀನು ನೋಡೋಗಂಟ ನಾನೂ ನೋಡಲ್ಲ."

"ಓಹೋ! ನೀನ್ ನೋಡಿದ್ಯೋ ಇಲ್ವೋ ಅಂತ ಯಾರ್ ಬಂದು ಕಾಯ್ತಾರೆ?" ಎಂದು ನಕ್ಕವಳು ಹೊರೆಯ ಜೊತೆಗೆ ಆ ಮಾತನ್ನೂ ಎತ್ತಿಕೊಂಡು ಹೋಗಿ, ಎಲ್ಲೋ ಇಟ್ಟು ಮರೆತಳು.

ಮದುವೆಯಾದ ಮೇಲೆ, ಅವನು ಕೆಲಸಕ್ಕಿದ್ದ ಹೊಸೂರಿನ ಫ್ಯಾಕ್ಟರಿಯವರು ಅವನನ್ನು ಸರ್ವಿಸ್ ಕೆಲಸಕ್ಕೆ ಹಾಕಿದರು. ಪುಣೆ, ಅಹಮದಾಬಾದ್, ಗುರಗಾಂವ್. ಎಲ್ಲಿ ಮೆಷಿನ್ ನಿಂತಿತೋ ಅಲ್ಲಿಗೆ ಅವನು ಹಾರಬೇಕು. ಟಿಕೆಟ್ ಕಂಪನಿಯದು, ಹಾರಿದ್ದಕ್ಕೆ ಸೇರುವ ಮೈಲ್ಸ್ ಮಾತ್ರ ಅವನದು. ಅವು ಸಾಕಷ್ಟು ಕೂಡಿದರೆ ಬಿಟ್ಟಿ ಟಿಕೆಟ್. ಅವಳಿಂದ ದೂರ ಹೋದಷ್ಟೂ ಅವಳನ್ನು ಕರೆದೊಯ್ಯುವ ದಿನ ಹತ್ತಿರವಾಗುತ್ತಿದೆ ಎಂದು ಅವನು ಸಮಾಧಾನ ಮಾಡಿಕೊಳ್ಳುತ್ತಿದ್ದ.

ಹೋಗೋಣವೇ ಎಂದು ಕೇಳಿದಾಗಲೆಲ್ಲ ಅವಳದು ಒಂದೇ ಉತ್ತರ. "ಈ ಬೆಳೆ ಆಗ್ಲಿ, ಬಾವ." ಒಂದು ರೇಷ್ಮೆ ಬೆಳೆ ಮುಗಿದು ಹುಳದ ಮನೆ ತೊಳೆಯುವಷ್ಟರಲ್ಲಿ ಮುಂದಿನ ಬೆಳೆಯ ಮರಿಹುಳ ಬಂದಿರುತ್ತಿತ್ತು.

ಡಿಸೆಂಬರಿನಲ್ಲಿ ವಿಮಾನದವರ ಮೆಸೇಜ್ ಬಂತು. ತಿಂಗಳ ಕೊನೆಗೆ ಮೈಲ್ಸ್ ಎಲ್ಲ ಲ್ಯಾಪ್ಸ್. ಅಷ್ಟರೊಳಗೆ ಬುಕ್ ಮಾಡಿದರೆ ಪ್ರಯಾಣ ಮುಂದಿನ ತಿಂಗಳಾದರೂ ಸರಿ. ಅವನು ಪುಣೆಯಿಂದಲೇ ಫೋನ್ ಮಾಡಿದ.

"ಗುವಾಹಟಿಗೆ ಹಾಕ್ದೆ ಕಣೇ. ಎರಡು ಸೀಟು."

"ಅಲ್ಲೇನೈತೆ?"

"ಯಾರಿಗ್ ಗೊತ್ತು? ಈ ಮೈಲ್ಸಿಗೆ ಸಿಗೋದ್ರಲ್ಲಿ ಅದೇ ದೂರ. ಮೂರು ಗಂಟೆ ಮೇಲೇ ಇರ್ತೀವಿ."



"ಮೇಲೆ ಫೋನ್ ಬರಲ್ಲ ತಾನೆ? ಮೆಷಿನ್ ನಿಂತೋಯ್ತು ಅಂತ ಯಾರೂ ಕರೆಯಂಗಿಲ್ಲ?"

"ಯಾರೂ ಕರೆಯಲ್ಲ."

"ಹಂಗಾದ್ರೆ ಬತ್ತೀನಿ."

ಮರಿಹುಳ ತಂದ ದಿನದಿಂದ ಎಣಿಸಿ, ಬೆಳೆ ಮುಗಿದ ಮೇಲೆ ಬರುವ ಭಾನುವಾರಕ್ಕೆ ಅವನು ಬುಕ್ ಮಾಡಿದ್ದ. ಆದರೆ ಎಣಿಸಿದ್ದು ಬೇಸಿಗೆಯ ಲೆಕ್ಕದಲ್ಲಿ. ತಳಿಯ ಚಳಿಗೆ ಹುಳ ಮೇಯುವುದೇ ನಿಧಾನ ಎಂಬುದು ಊರೂರು ತಿರುಗುವವನಿಗೆ ಮರೆತೇ ಹೋಗಿತ್ತು. ಶಶಿರೇಖಾಳಿಗೆ ಅದು ಗೊತ್ತಿತ್ತು. ಬಾಯಿ ಬಿಡದೆ ಅವಳು ಹುಳದ ಮನೆಯ ಮೂಲೆಮೂಲೆಗೂ ಕೆಂಡದ ಬಾಣಲೆ ಇಟ್ಟಳು. ಆ ಕಾವಿಗೆ ಎರಡು ದಿನವಾದರೂ ಮುಂಚೆ ಹುಳ ಗೂಡು ಕಟ್ಟುವಷ್ಟು ಹಣ್ಣಾಗಲಿ, ಎರಡೇ ದಿನ.

ಶನಿವಾರ ಸಂಜೆ ಅವನು ಬಂದಾಗ ಅವಳು ಹುಳದ ಮನೆಯ ಜಾಲರಿ ಬಾಗಿಲಿನ ಆಚೆ ಇದ್ದಳು.

"ಅಲ್ಲೇ ನಿಲ್ಲು. ಸೆಂಟ್ ಹಾಕಿದ್ಯ."

"ನಿಂಗೇ ಅಂತ ಹಾಕ್ದೆ."

"ನಂಗ್ ಹಾಕಿದ್ದು ಹುಳಕ್ಕೆ ಆಗ್ಬರಲ್ಲ."

ನಕ್ಕಳು. ಕಣ್ಣು ನಗಲಿಲ್ಲ. ಕೂದಲಲ್ಲಿ ಸೊಪ್ಪಿನ ಚೂರೊಂದು ಸಿಕ್ಕಿಕೊಂಡಿತ್ತು. ತೆಗೆಯಬೇಕೆಂದು ಅವನ ಕೈ ಎದ್ದು ಜಾಲರಿಗೆ ತಾಗಿ ನಿಂತಿತು. ಆ ಕಡೆಯಿಂದ ಅವಳು ಅದೇ ಜಾಗಕ್ಕೆ ಬೆರಳಿಟ್ಟಳು.

"ಬೆಳಗ್ಗೆ ಕಾರ್ ಬತ್ತದೆ, ಶಶಿ."

ಅವಳು ಒಂದು ಹುಳವನ್ನು ಅಂಗೈಯಲ್ಲಿಟ್ಟು ಬಲ್ಬಿನ ಬೆಳಕಿಗೆ ಹಿಡಿದಳು. ಹಸಿರು ಬಿಟ್ಟು ಮೈಯೆಲ್ಲ ಹಳದಿ ಗಾಜಿನಂತಾಗಿತ್ತು.

"ಈಗ ಹಣ್ಣಾಗ್ಬುಟ್ಟವೆ, ಬಾವ."

ಕೆಂಡದ ಕಾವು ಸಾಲದೆ ಹೋಗಿತ್ತು; ನಾಳೆ ಹುಳ ಬಿಟ್ಟು ಕದಲುವಂತಿರಲಿಲ್ಲ. ಹಣ್ಣಾದ ಹುಳವನ್ನು ಆರಿಸಿ ಆರಿಸಿ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಚಂದ್ರಿಕೆಗೆ, ಬಿಡಬೇಕು. ತಡವಾದರೆ ಕೊಳೆ ಸೊಪ್ಪಿನಲ್ಲೇ ಗೂಡು ಸುತ್ತಿಕೊಂಡು ಬೆಳೆಯೇ ಹಾಳು. ಊರಿನವರೆಲ್ಲ ಒಟ್ಟಿಗೆ ಮರಿ ತಂದಿದ್ದರಿಂದ ಕೂಲಿಯಾಳೂ ಸಿಗುವಂತಿರಲಿಲ್ಲ.

ಜಗಲಿಯಿಂದ ಅವನ ತಾಯಿ ಅಕ್ಕಯಮ್ಮ ಕೂಗಿದಳು. "ನಾನ್ ನೋಡ್ಕೋತೀನಿ, ಹೋಗ್ಬನ್ರೋ!"

"ನಿಂಗೆ ಹಣ್ಣು ಯಾವ್ದು ಕಾಯಿ ಯಾವ್ದು ಕಾಣ್ತದಾ, ಅತ್ತೆ?" ಎಂದಳು ಶಶಿರೇಖಾ, ಮೆತ್ತಗೆ. ಪೊರೆ ಬಂದ ಕಣ್ಣಿನ ಮುದುಕಿ ಗೋಡೆ ತಡವಿಕೊಂಡು ಒಳಗೆ ಹೋದಳು.

ಟಿಕೆಟ್ಟಿನ ದಿನ ಬದಲಿಸುವಂತಿರಲಿಲ್ಲ. ಕ್ಯಾನ್ಸಲ್ ಮಾಡಿದರೆ ವಾಪಸ್ ಬರಬೇಕಾದ ಮೈಲ್ಸ್ ಆಗಲೇ ಲ್ಯಾಪ್ಸ್ ಆಗಿದ್ದವು.

"ನೀನಾದ್ರೂ ಹೋಗು."

"ಹೋಗಿ? ಗುವಾಹಟೀಲಿ ಒಬ್ನೇ ಟೀ ಕುಡ್ಕೊಂಡ್ ಬರ್ಲಾ?"

ಅವನು ಸೆಂಟ್ ಹೋಗುವಂತೆ ಮೈ ಉಜ್ಜಿ ತೊಳೆದು, ಹಳೆ ಪಂಚೆ ಸುತ್ತಿಕೊಂಡು ಒಳಗೆ ಬಂದ. ಮೊದಲು ಅವಳ ಕೂದಲಿನ ಸೊಪ್ಪು ತೆಗೆದ.

ಭಾನುವಾರ ಬೆಳಗ್ಗೆ ಇಬ್ಬರೂ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಹುಳ ಆರಿಸುತ್ತಿದ್ದರು. ಮೇಲೆಲ್ಲೋ ವಿಮಾನದ ಸದ್ದು. ಅವಳ ಕೈ ನಿಂತಿತು.

"ಬಾಯಲ್ಲಾದ್ರೂ ಹೇಳು. ಮೇಲಿಂದ ಹೆಂಗ್ ಕಾಣ್ತದೆ? ಎಷ್ಟ್ ಸಲ ಕೇಳಿದೀನಿ, ಏನೋ ಹೇಳಿ ಜಾರ್ಕೊಂಬುಡ್ತೀಯ. ಇವ್ಳಿಗೇನ್ ತಿಳೀತದೆ ಅಂತಾನಾ?"

"ನಾನ್ ನೋಡಿದ್ರೆ ತಾನೆ ಹೇಳೋದು?"

"ಅಂದ್ರೆ?"

"ಯಾವಾಗ್ಲೂ ದಾರಿ ಪಕ್ಕದ ಸೀಟೇ ಕೇಳ್ತೀನಿ. ಕಿಟಕಿ ಕಡೆ ತಿರುಗಲ್ಲ. ನೀನು ನೋಡೋಗಂಟ ನೋಡಲ್ಲ ಅಂದಿದ್ನಲ್ಲ."

ಅವಳ ಕೈಯಲ್ಲಿದ್ದ ಹುಳ ತಲೆಯೆತ್ತಿ ಆಸರೆ ಹುಡುಕುತ್ತಿತ್ತು. ಅದನ್ನು ನಿಧಾನವಾಗಿ ಚಂದ್ರಿಕೆಗೆ ಬಿಟ್ಟಳು.

"ಇಷ್ಟ್ ವರ್ಷ... ಅದನ್ನ ಯಾರಾದ್ರೂ ನಿಜ ಅಂದ್ಕೋತಾರಾ?"

"ನೀನ್ ನಕ್ಕೆ. ನಾನ್ ನಗ್ಲಿಲ್ಲ."

ಅವಳು ಮುಖ ತಿರುಗಿಸಿ ಸೆರಗಿನಿಂದ ಕಣ್ಣೊತ್ತಿಕೊಂಡಳು. ಆಮೇಲೆ ಜೋರು ದನಿಯಲ್ಲಿ, ಜಗಳಕ್ಕೆ ಬಂದವಳಂತೆ ಹೇಳಿದಳು.

"ನಾಳೆ ಪುಣೆಗೆ ಹೋಗ್ತೀಯಲ್ಲ, ಕಿಟಕಿ ಪಕ್ಕ ಕೂತ್ಕೋ. ನನ್ನಾಣೆ. ನೋಡ್ಕೊಂಡ್ ಬಂದು ಹೇಳು. ನಿನ್ ಮಾತಿಂದ ನಿನ್ನ ನಾನೇ ಬಿಡಿಸಿದೀನಿ."

ಸೋಮವಾರ ಅವನು ಕಿಟಕಿ ಪಕ್ಕ ಕೂತ. ಆಣೆ ಹಾಕಿದ್ದಳಲ್ಲ. ಕೂತವನು ಕಿಟಕಿಯ ಮುಚ್ಚಳ ಕೆಳಗೆಳೆದ. ಹೊರಡುವ ಹೊತ್ತಿಗೆ ಗಗನಸಖಿ ಬಂದು ತೆಗೆಸಿದಳು. ಬಿಸಿಲು ಕೆನ್ನೆಗೆ ತಾಗಿತು. ಎಷ್ಟು ತೊಳೆದರೂ ಬೆರಳುಗಳಲ್ಲಿ ಸೊಪ್ಪಿನ ವಾಸನೆ ಉಳಿದಿತ್ತು.

ಅವನು ಕಣ್ಣು ಮುಚ್ಚಿದ. ಪುಣೆಯಲ್ಲಿ ಇಳಿಯುವ ತನಕ ತೆರೆಯಲಿಲ್ಲ.

ಕೊಟ್ಟ ಮಾತು ಉಳಿಯಿತು.