ಕೊನೆಯ ಗೆರೆ ಎಳೆಯುವವನು

ಅವಳು ಮೈಕಿನ ಬಟನ್ ಒತ್ತಿ ಇನ್ನೇನು ಬಾಯಿ ತೆರೆಯಬೇಕು... ಅಷ್ಟರಲ್ಲಿ ಮೇಜಿನ ಕೆಳಗಿನಿಂದ ಒಂದು ಕೈ ಬಂದು ಪ್ಲಗ್ ಕಿತ್ತುಹಾಕಿತು.

ರೇಡಿಯೋ ಗಪ್ಪಾಯಿತು.

ಕೈಯ ಹಿಂದೆಯೇ ತಲೆಯೂ ಬಂತು. ಕೂದಲ ತುಂಬ ಧೂಳು, ಹಲ್ಲಿನಲ್ಲಿ ಕಚ್ಚಿ ಹಿಡಿದ ಸ್ಕ್ರೂಡ್ರೈವರ್. ಅದನ್ನು ಬಾಯಿಂದ ತೆಗೆದು ಅವನು ಕೇಳಿದ್ದು ಒಂದೇ ಮಾತು.

"ಲೈಸೆನ್ಸ್ ಇದೆಯಾ?"

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಲೈಸೆನ್ಸಂತೆ, ಲೈಸೆನ್ಸು! ಈ ಬಸ್ ನಿಲ್ದಾಣದಲ್ಲಿ ಬೆಳಗಿನಿಂದ ಸಂಜೆಯವರೆಗೆ ಮೈಕಿನ ಮುಂದೆ ಕೂರುವ ಅನೌನ್ಸರ್ ಅವಳು. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾರ ಪರ್ಸು ಕಳೆದಿದೆ, ಎಲ್ಲವನ್ನೂ ಸಾರುವವಳು. ಅವಳ ಕೈಯಲ್ಲಿದ್ದ ಮೈಕಿನ ಬಾಯಿ ಕಟ್ಟುವ ಧೈರ್ಯ ಅಲ್ಲಿಯವರೆಗೆ ಡಿಪೋ ಮ್ಯಾನೇಜರಿಗೂ ಬಂದಿರಲಿಲ್ಲ.

ಆ ದಿನ ಹ್ಯಾಮ್ ರೇಡಿಯೋ ಕ್ಲಬ್ಬಿನವರು ಪ್ರಯಾಣಿಕರ ಹಜಾರದಲ್ಲಿ ಮೇಜು ಹಾಕಿ, ದೂರದೂರದವರೊಡನೆ ರೇಡಿಯೋದಲ್ಲಿ ಮಾತಾಡುವ ತಮ್ಮ ಹವ್ಯಾಸವನ್ನು ಜನರಿಗೆ ತೋರಿಸಲು ಒಂದು ಸೆಟ್ಟು ಇಟ್ಟಿದ್ದರು. ಟೀ ಬಿಡುವಿನಲ್ಲಿ ಅವಳು ಕೆಳಗಿಳಿದು ಬಂದಾಗ ಮೇಜಿನ ಹತ್ತಿರ ಯಾರೂ ಕಾಣಲಿಲ್ಲ. ಸೆಟ್ಟಿನೊಳಗಿಂದ ಮಾತ್ರ, ಮರಳು ಸುರಿದಂಥ ಸದ್ದಿನ ನಡುವೆ, ಯಾರೋ ಕರೆಯುತ್ತಿದ್ದರು. ಯಾರಾದರೂ ಇದ್ದೀರಾ... ಕೇಳಿಸುತ್ತಿದ್ದರೆ ಉತ್ತರ ಕೊಡಿ... ಮತ್ತೆ ಮತ್ತೆ ಅದೇ ಮಾತು. ಒಬ್ಬರೂ ಓ ಎನ್ನಲಿಲ್ಲ.

"ಅವರು ಅಷ್ಟು ಕೂಗ್ತಾ ಇದ್ರು," ಎಂದಳು ಅವಳು. "ಸುಮ್ನೆ ನಿಂತು ನೋಡ್ಬೇಕಿತ್ತಾ?"

"ಹೂಂ. ಲೈಸೆನ್ಸ್ ಇಲ್ದೆ ಬಟನ್ ಒತ್ತಿದ್ರೆ ಕ್ಲಬ್ಬಿಗೆ ಬೀಗ ಬೀಳುತ್ತೆ. ಕೇಳೋಕೆ ಲೈಸೆನ್ಸ್ ಬೇಡ. ಎಷ್ಟು ಬೇಕಾದ್ರೂ ಕೇಳಿ."

ಕೇಳಬೇಕಂತೆ! ಇವನಿಗೇನು ಗೊತ್ತು ಅವಳ ಪಾಡು? ದಿನವಿಡೀ ಮಾತಾಡುವುದು ಅವಳು, ತಿರುಗಿ ಮಾತಾಡುವವರು ಯಾರೂ ಇಲ್ಲ. ಬಸ್ಸು ಮೂರನೇ ಅಂಕಣಕ್ಕೆ ಬಂದಿದೆ ಎಂದು ಗಂಟಲು ಹರಿದುಕೊಂಡ ಮರುಗಳಿಗೆಯೇ ಜನ ಅವಳ ಕಿಟಕಿಗೆ ಬಂದು ಬಸ್ಸು ಬಂತಾ ಎಂದು ಕೇಳುತ್ತಾರೆ. ಒಂದೇ ಒಂದು ಸಲ ತನ್ನ ದನಿಗೆ ಎಲ್ಲಿಂದಲೋ ಯಾರೋ ಉತ್ತರ ಕೊಡಬೇಕು ಎಂಬುದು ಅವಳ ಎಷ್ಟೋ ಕಾಲದ ಆಸೆ. ಅದಕ್ಕೆ ಇವನು ತಣ್ಣೀರು ಎರಚಿದ್ದ.

ನೀರು ಕುಡಿಯಲು ಹೋಗಿದ್ದ ಕ್ಲಬ್ಬಿನ ಹಿರಿಯರು ವಾಪಸು ಬಂದ ಕೂಡಲೇ ಅವಳು ಪರೀಕ್ಷೆ ಯಾವಾಗ ಎಂದು ಕೇಳಿದಳು. ಅವರು ತಂತಿ ಕಚೇರಿಯಲ್ಲಿ ದುಡಿದು ನಿವೃತ್ತರಾದವರು, ಎಲ್ಲರ ಬಾಯಲ್ಲೂ ಮೇಷ್ಟ್ರು. ಖುಷಿಯಿಂದ ಎಲ್ಲ ವಿವರಿಸಿದರು. ರೇಡಿಯೋದ ಪಾಠ ಓದಬೇಕು, ಕಾಯಿದೆ ಓದಬೇಕು, ಮೋರ್ಸ್ ಕಿವಿಯಲ್ಲೇ ಹಿಡಿದು ಬರೆಯಬೇಕು.

"ಮೋರ್ಸ್ ಯಾರು ಕಲಿಸ್ತಾರೆ ಮೇಷ್ಟ್ರೇ?"

ಅವರು ಧೂಳು ತಲೆಯವನ ಕಡೆ ಬೆರಳು ತೋರಿಸಿದರು. ಅವನು ಲಿಫ್ಟ್ ಮೆಕ್ಯಾನಿಕ್. ಕ್ಲಬ್ಬಿನಲ್ಲಿ ಎಲ್ಲರೂ ಅವನನ್ನು ಲಿಫ್ಟು ಎಂದೇ ಕರೆಯುತ್ತಿದ್ದರು.

ಸರಿ, ಇವನಿಂದಲೇ ಕಲಿತು ಇವನ ಮುಖಕ್ಕೇ ಲೈಸೆನ್ಸ್ ಹಿಡಿಯುತ್ತೇನೆ ಎಂದು ಅವಳು ಅಲ್ಲೇ ನಿಶ್ಚಯಿಸಿದಳು. ಮನೆಯಲ್ಲಿ ವಿಷಯ ತಿಳಿದು ಅಣ್ಣ ನಕ್ಕ, ಕೈಯಲ್ಲಿ ಫೋನಿರುವಾಗ ಈ ಕಟಕಟ ಯಾಕೆ ಎಂದ. ಅತ್ತಿಗೆ ನಗಲಿಲ್ಲ. ಕಲಿಸುವವನು ನೋಡಲು ಹೇಗಿದ್ದಾನೆ ಎಂದಷ್ಟೇ ಕೇಳಿದಳು.

ಹೊಲಿಗೆ ಯಂತ್ರ ರಿಪೇರಿ ಅಂಗಡಿಯ ಮಹಡಿಯ ಮೇಲೆ ಕ್ಲಬ್ಬಿನ ಕೋಣೆ. ಡ್ಯೂಟಿ ಮುಗಿಸಿ ಅವಳು ಅಲ್ಲಿಗೆ ಹೋಗುವಷ್ಟರಲ್ಲಿ ಅವನು ಬೆರಳಿನಿಂದ ಒತ್ತಿ ಸದ್ದು ಹೊರಡಿಸುವ ಮೋರ್ಸ್ ಕೀಯ ಮುಂದೆ ಕೂತಿರುತ್ತಿದ್ದ. ಗಿಡ್ಡ ಸದ್ದು ಚುಕ್ಕಿ, ಉದ್ದ ಸದ್ದು ಗೆರೆ, ಇವೆರಡರಲ್ಲೇ ಎಲ್ಲ ಅಕ್ಷರಗಳು. ಅಭ್ಯಾಸಕ್ಕೆ ಎಂದು ಅವನು ಕಳಿಸುತ್ತಿದ್ದುದೆಲ್ಲ ಲಿಫ್ಟಿನೊಳಗಿನ ಬೋರ್ಡಿನ ಮಾತುಗಳು. ಬಾಗಿಲಿಗೆ ಒರಗಬೇಡಿ. ಆರು ಜನ ಮಾತ್ರ. ಹೊರಡುವ ಮುನ್ನ ಬಾಗಿಲು ಮುಚ್ಚಿ. ಬೇರೆ ಏನೂ ಹೊಳೆಯುವುದಿಲ್ಲವೇ ಎಂದು ಅವಳು ರೇಗಿದರೆ, ತಪ್ಪಿಲ್ಲದೆ ಬರೆದಿದ್ದೀರಾ ತೋರಿಸಿ ಎಂದು ಕೈ ಚಾಚುತ್ತಿದ್ದ. ಭೇಷ್ ಎಂಬ ಪದ ಅವನ ಬಾಯಲ್ಲಿ ಹುಟ್ಟಿಯೇ ಇರಲಿಲ್ಲ.

ಅವನ ಬಲಗೈ ತೋರುಬೆರಳು ಸೊಟ್ಟ. ಹಿಂದೆ ಯಾವಾಗಲೋ ಲಿಫ್ಟಿನ ಬಾಗಿಲಿಗೆ ಸಿಕ್ಕಿದ್ದಂತೆ. ಆ ಬೆರಳು ಕೀಯಿಂದ ತಟ್ಟನೆ ಮೇಲೇಳುತ್ತಿರಲಿಲ್ಲ. ಹಾಗಾಗಿ ಪ್ರತಿ ಪದದ ಕೊನೆಯ ಗೆರೆ ತುಸು ಎಳೆಯುತ್ತಿತ್ತು, ಮಾತು ಮುಗಿಸಲು ಮನಸ್ಸಿಲ್ಲದವರು ಬಾಗಿಲಲ್ಲಿ ನಿಂತ ಹಾಗೆ.

ಒಂದು ಸಂಜೆ ಅವಳು ಬಂದಾಗ ಮೇಜಿನ ಮೇಲೆ ಬಿಸಿನೀರಿನ ಫ್ಲಾಸ್ಕ್ ಇತ್ತು. ಯಾರಿಗೆ ಎಂದು ಕೇಳಿದರೆ, ನಿಮ್ಮ ಗಂಟಲು ಕಟ್ಟಿದೆಯಲ್ಲ ಎಂದ.

"ನನ್ನ ಗಂಟಲು ಕಟ್ಟಿದ್ದು ನಿಮ್ಗೆ ಹೇಗೆ ಗೊತ್ತು?"

"ಬಸ್ ಸ್ಟ್ಯಾಂಡಲ್ಲಿ ಕೇಳಿಸ್ಕೊಂಡೆ."

"ನೀವು ಬಸ್ಸಲ್ಲಿ ಓಡಾಡ್ತೀರಾ?"

"ಇಲ್ಲ." ಅವನು ಕೀಯ ಸ್ಕ್ರೂ ಬಿಗಿಮಾಡುತ್ತ ತಲೆ ತಗ್ಗಿಸಿದ. "ಕೇಳೋಕೆ ಲೈಸೆನ್ಸ್ ಬೇಡವಲ್ಲ."

ಆ ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ. ತಾನು ಕೂಗುವುದನ್ನು ಬಸ್ಸು ಹಿಡಿಯುವ ಕೆಲಸವಿಲ್ಲದವನೊಬ್ಬ ನಿಂತು ಕೇಳುತ್ತಾನೆ... ಹಾಗೆಂದರೇನು? ಮರುದಿನದಿಂದ ಅವಳ ಅನೌನ್ಸ್‌ಮೆಂಟಿನಲ್ಲಿ ಒಂದು ಬಗೆಯ ಗೆಲುವು ಬಂತು. ತಡವಾದ ಬಸ್ಸುಗಳನ್ನೂ ಅವಳು ಶುಭ ಸಮಾಚಾರದಂತೆ ಓದಿದಳು.

ಪರೀಕ್ಷೆ ಹತ್ತಿರ ಬಂದಾಗ ಅವನು ಇದ್ದಕ್ಕಿದ್ದಂತೆ ಕೀ ಪಕ್ಕಕ್ಕೆ ಸರಿಸಿ ಒಂದು ಟೇಪ್ ಹಾಕಿದ. ಯಂತ್ರ ಕಳಿಸುವ ಮೋರ್ಸ್ ಅದು, ಪರೀಕ್ಷೆಯಲ್ಲಿ ಬರುವುದೂ ಇಂಥದ್ದೇ. ಅವಳು ಪೆನ್ಸಿಲ್ ಹಿಡಿದು ಕೂತಳು. ಟೇಪು ಓಡಿತು, ನಿಂತಿತು. ಹಾಳೆಯ ಮೇಲೆ ಅಲ್ಲೊಂದು ಇಲ್ಲೊಂದು ಅಕ್ಷರ ಬಿಟ್ಟರೆ ಏನೂ ಇರಲಿಲ್ಲ.

ಅವನ ಮುಖ ಬಿಳುಚಿಕೊಂಡಿತು. ಎದ್ದು ಹೊರಟೇ ಹೋದ.

ಮಾರನೆಯ ಸಂಜೆ ಅವಳು ಮೆಟ್ಟಿಲು ಹತ್ತುತ್ತಿದ್ದಾಗ ಮೇಲಿನಿಂದ ಅವನ ದನಿ ಕೇಳಿಸಿತು.

"ಇನ್ಮೇಲೆ ಅವರಿಗೆ ಕಲಿಸೋದು ನನ್ನಿಂದ ಆಗಲ್ಲ ಮೇಷ್ಟ್ರೇ. ನೀವೇ ನೋಡ್ಕೊಳ್ಳಿ. ಅವರ ಎದುರು ಕೂತ್ರೆ..."

ಮುಂದಿನ ಮಾತು ಕೇಳಲು ಅವಳು ಅಲ್ಲಿರಲಿಲ್ಲ. ಕೆಳಗಿಳಿದು ರಸ್ತೆಗೆ ಬಂದಿದ್ದಳು. ನನ್ನಿಂದ ಆಗಲ್ಲವಂತೆ! ಒಂದು ದಿನ, ಒಂದೇ ಒಂದು ದಿನ ಬರೆಯಲು ಬರಲಿಲ್ಲ ಎಂದು ಕೈ ತೊಳೆದುಕೊಳ್ಳುವುದೇ? ಹಾಗಾದರೆ ಆ ಫ್ಲಾಸ್ಕ್ ಏನು, ಬಸ್ ನಿಲ್ದಾಣಕ್ಕೆ ಬಂದು ನಿಲ್ಲುತ್ತಿದ್ದುದೇನು? ಅಳು ಬಂತು. ಅಳು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಮೇಷ್ಟ್ರು ಅವಳನ್ನು ಟೇಪಿನ ಮುಂದೆ ಕೂರಿಸಿದರು, ನಡುನಡುವೆ ತಾವೂ ಕಳಿಸಿದರು, ಕ್ಲಬ್ಬಿನ ಇತರರಿಗೂ ಕಳಿಸಲು ಹೇಳಿದರು. ಅವನು ಯಾಕೆ ಹಾಗೆ ಮಾಡಿದ ಅಂದರೆ ಎಂದು ಅವರು ಶುರು ಮಾಡಿದಾಗಲೆಲ್ಲ ಅವಳು ಕಡ್ಡಿ ಮುರಿದಂತೆ ಹೇಳುತ್ತಿದ್ದಳು.

"ಅವರ ಸುದ್ದಿ ಎತ್ತಬೇಡಿ ಮೇಷ್ಟ್ರೇ. ಟೇಪ್ ಹಾಕಿ."

ಮೇಷ್ಟ್ರು ಪಾಪ, ಟೇಪ್ ಹಾಕುತ್ತಿದ್ದರು. ಕೋಪದಲ್ಲಿ ಹುಡುಗಿ ಅಕ್ಷರ ಬಿಡುತ್ತಿಲ್ಲ ಎಂಬುದನ್ನು ಅವರೂ ಗಮನಿಸಿದ್ದರು. ಕೋಪ ಇಳಿಸುವ ಆತುರ ಅವರಿಗಂತೂ ಇರಲಿಲ್ಲ.

ಪರೀಕ್ಷೆಯ ದಿನ ಬಂತು. ಉದ್ದನೆಯ ಕೋಣೆ, ಕಿರುಗುಟ್ಟುವ ಬೆಂಚುಗಳು, ಮುಂದೆ ಒಂದು ಯಂತ್ರ. ಸದ್ದು ಶುರುವಾದಾಗಿನಿಂದ ಮುಗಿಯುವವರೆಗೆ ಅವಳ ಪೆನ್ಸಿಲ್ ನಿಲ್ಲಲಿಲ್ಲ.

ಹೊರಬಂದರೆ ಗೇಟಿನ ಹತ್ತಿರ ಅವನು! ಹೆಗಲಲ್ಲಿ ಸಾಮಾನಿನ ಚೀಲ.

ಅವಳು ನೆಟ್ಟಗೆ ಹೋಗಿ ಎದುರು ನಿಂತಳು. "ನೋಡಿ ಹೋಗೋಣ ಅಂತ ಬಂದ್ರಾ? ನಿಮ್ಮಿಂದ ಆಗದೇ ಇದ್ದದ್ದು ಒಂದು ಟೇಪಿಂದ ಆಯ್ತು. ಕಲಿಸೋಕೆ ಇಷ್ಟ ಇಲ್ಲ ಅಂದ್ರೆ ನನ್ನ ಮುಖ ನೋಡಿ ಹೇಳ್ಬೇಕಿತ್ತು. ಬೆನ್ನ ಹಿಂದೆ ಹೇಳೋದಲ್ಲ."

ಅವನು ಎಲ್ಲವನ್ನೂ ಕೇಳಿಸಿಕೊಂಡ. "ಅಕ್ಷರ ಬಿಡ್ಲಿಲ್ವಾ?"

"ಒಂದೂ ಬಿಡ್ಲಿಲ್ಲ."

ಅವನ ಮುಖ ಅರಳಿದ್ದನ್ನು ನೋಡಿ ಅವಳಿಗೆ ಇನ್ನೂ ಉರಿಯಿತು. ಅವನು ಏನೋ ಹೇಳಲು ಬಾಯಿ ತೆರೆದ. ಆಗಲೇ ಅವನ ಫೋನ್ ಬಡಿದುಕೊಂಡಿತು. ಆಸ್ಪತ್ರೆಯ ಲಿಫ್ಟು ನಡುವೆ ನಿಂತಿದೆ, ಒಳಗೆ ಜನರಿದ್ದಾರೆ. ಅವನು ಓಡಿದ. ಆಮೇಲೆ ಅವನಿಂದ ಬಂದ ಫೋನುಗಳನ್ನು ಅವಳು ಎತ್ತಲಿಲ್ಲ.

ಲೈಸೆನ್ಸ್ ಬರುವಷ್ಟರಲ್ಲಿ ತಿಂಗಳುಗಳೇ ಕಳೆದವು. ಅದರಲ್ಲಿ ಅವಳ ಕಾಲ್ ಸೈನ್ ಇತ್ತು, ಆಕಾಶದಲ್ಲಿ ಅವಳಿಗೆ ಕೊಟ್ಟ ಹೆಸರು. ಮೇಷ್ಟ್ರು ತಮ್ಮ ಹಳೆಯ ಸೆಟ್ಟನ್ನು ಎರವಲು ಕೊಟ್ಟರು, ಅಣ್ಣನೇ ಮಹಡಿಗೆ ಹತ್ತಿ ಏರಿಯಲ್ ತಂತಿ ಕಟ್ಟಿದ. ಭಾನುವಾರ ಬೆಳಿಗ್ಗೆ ಅವಳು ಹೆಡ್‌ಫೋನ್ ಹಾಕಿ ಕೂತಳು. ಮೊದಲು ಯಾರಿಗೆ ಉತ್ತರ ಕೊಡಲಿ? ಎಷ್ಟೊಂದು ಸದ್ದುಗಳು. ಒಂದೊಂದನ್ನೂ ಬರೆದುಕೊಳ್ಳುತ್ತ ಹೋದಳು.

ಆಮೇಲೆ ಒಂದು ಸದ್ದು ಬಂತು. ಯಾರಾದರೂ ಇದ್ದೀರಾ... ಯಾರಾದರೂ ಇದ್ದೀರಾ...

ಕೊನೆಯ ಗೆರೆ ಎಳೆಯಿತು.

ಅವಳ ಪೆನ್ಸಿಲ್ ನಿಂತಿತು. ಹಾಳೆಗೆ ಹೊಸದೊಂದೂ ಸೇರಲಿಲ್ಲ. ಆದರೂ ಪ್ರತಿ ಅಕ್ಷರ ಅರ್ಥವಾಗುತ್ತಿತ್ತು, ಪಕ್ಕದಲ್ಲಿ ಕೂತು ಹೇಳಿದ ಹಾಗೆ. ಆಗ ಆ ಟೇಪಿನ ಸಂಜೆ ನೆನಪಾಯಿತು. ಅಂದು ಗೆರೆಗಳು ಪಟ್ಟನೆ ಮುಗಿಯುತ್ತಿದ್ದವು. ಅವಳು ಮಾತ್ರ ಆ ಎಳೆತಕ್ಕೆ ಕಾಯುತ್ತಿದ್ದಳು, ಕಾಯುವಷ್ಟರಲ್ಲಿ ಮುಂದಿನ ಅಕ್ಷರಗಳು ದಾಟಿ ಹೋಗುತ್ತಿದ್ದವು. ಅಯ್ಯೋ... ತಾನು ಅಷ್ಟು ದಿನ ಕಲಿತದ್ದು ಮೋರ್ಸ್ ಅಲ್ಲ, ಅವನನ್ನು! ಪರೀಕ್ಷೆಯ ಯಂತ್ರಕ್ಕೆ ಸೊಟ್ಟ ಬೆರಳಿರುವುದಿಲ್ಲ. ಅದು ಅವನಿಗೆ ಅಂದೇ ಗೊತ್ತಾಗಿತ್ತು. ಅದಕ್ಕೇ ಎದ್ದು ಹೋಗಿದ್ದ.

ಇಷ್ಟು ತಿಳಿದ ಮೇಲೆ ಅವಳ ಸಿಟ್ಟು ಇಳಿಯಬೇಕಿತ್ತು. ಅದು ಇಮ್ಮಡಿಯಾಯಿತು. ಬಾಯಿ ಬಿಟ್ಟು ಹೇಳಬಹುದಿತ್ತಲ್ಲ, ಮಹಾನುಭಾವ!

ಅವನು ಇನ್ನೂ ಕರೆಯುತ್ತಲೇ ಇದ್ದ. ಕೂಗಲಿ ಎಂದು ಸ್ವಲ್ಪ ಹೊತ್ತು ಕಾಯಿಸಿದಳು. ಆಮೇಲೆ ತನ್ನ ಕಾಲ್ ಸೈನ್ ಕಳಿಸಿದಳು. ಅವಳ ಮನೆಯಲ್ಲಿ ಏರಿಯಲ್ ಎದ್ದ ಸುದ್ದಿ ಮೇಷ್ಟ್ರಿಂದ ತಿಳಿದು ಅವನು ಆ ಕಡೆ ಬೆಳಗಿನಿಂದ ಕಾಯುತ್ತಿದ್ದ, ಉತ್ತರ ಬಂದಾಗ ಬೆರಳೇ ಏಳಲಿಲ್ಲ.

ಅವಳೇ ಮುಂದುವರಿಸಿದಳು. ಸಂಜೆ ಕ್ಲಬ್ಬಿಗೆ ಬನ್ನಿ. ಜಗಳ ಇದೆ.

ಬರ್ತೀನಿ, ಎಂದು ಬಂತು. ಈ ಸಲ ಪ್ಲಗ್ ಕೀಳಲ್ಲ.

ನಡುವೆ ಮೂರನೆಯ ಕೈಯೊಂದು ತೂರಿತು, ತಂತಿ ಕಚೇರಿಯ ಪಳಗಿದ ಕೈ. ನಾನೂ ಕೇಳ್ತಾ ಇದೀನಿ, ಜಗಳಕ್ಕೆ ನಾನೂ ಬರ್ಲಾ?

ಇಬ್ಬರೂ ಒಟ್ಟಿಗೆ ಬೇಡ ಎಂದು ಕಳಿಸಿದರು. ಎರಡು ಸದ್ದು ಕಲಸಿಹೋಗಿ ಮೇಷ್ಟ್ರಿಗೆ ಒಂದಕ್ಷರವೂ ತಿಳಿಯಲಿಲ್ಲ.

ಸಂಜೆ ಕೆಳಗಿನ ಅಂಗಡಿ ಮುಚ್ಚಿತ್ತು. ಮೇಲಿನ ಕೋಣೆಯಲ್ಲಿ ಅವನು ಮೊದಲಿನ ಜಾಗದಲ್ಲೇ ಕೂತಿದ್ದ, ಮೇಜಿನ ಮೇಲೆ ಫ್ಲಾಸ್ಕ್.

"ನಿಮ್ಮ ಕೈಗೆ ನನ್ನ ಕಿವಿ ಅಂಟಿಕೊಂಡಿದೆ ಅಂತ ನಿಮ್ಗೆ ಗೊತ್ತಾಗಿತ್ತು," ಎಂದಳು ಅವಳು ನಿಂತಲ್ಲಿಂದಲೇ. "ಯಾಕೆ ಹೇಳ್ಲಿಲ್ಲ? ನಾನೆಷ್ಟು ಅತ್ತೆ ಗೊತ್ತಾ?"

"ಹೇಳಿದ್ರೆ ಏನ್ ಮಾಡ್ತಿದ್ರಿ? ಇನ್ನೊಂದೇ ದಿನ ನೀವೇ ಕಳಿಸಿ ಅಂತಿದ್ರಿ. ನಾನು ಕಳಿಸ್ತಿದ್ದೆ. ಅದರ ಮಾರನೇ ದಿನಾನೂ ಕಳಿಸ್ತಿದ್ದೆ." ಅವನು ತನ್ನ ಸೊಟ್ಟ ಬೆರಳನ್ನು ನೋಡಿಕೊಂಡ. "ನಿಮ್ಮೆದುರು ಕೂತ್ರೆ ಇಲ್ಲ ಅನ್ನೋಕೆ ನನ್ನಿಂದ ಆಗಲ್ಲ. ಅವತ್ತು ಮೇಷ್ಟ್ರ ಹತ್ರ ಹೇಳಿದ್ದು ಅದನ್ನೇ. ನೀವು ಪಾಸಾಗ್ಬೇಕಿತ್ತು. ಅವತ್ತು ನಾನು ಪ್ಲಗ್ ಕಿತ್ತಾಗ ನಿಮ್ಮ ಮುಖ ನೋಡಿದ್ದೆನಲ್ಲ."

ಅವಳು ಕುರ್ಚಿ ಎಳೆದು ಎದುರು ಕೂತಳು.

"ಈಗ ನಿಮ್ಗೆ ಎಲ್ಲರ ಕೈಯೂ ಅರ್ಥ ಆಗುತ್ತೆ," ಎಂದ ಅವನು, ಮೆಲ್ಲಗೆ.

"ಆಗುತ್ತೆ. ಬರ್ಕೊಂಡ್ರೆ. ಬರ್ಕೊಳ್ದೇ ಅರ್ಥ ಆಗೋದು ಒಬ್ಬರದೇ."

ಅವನು ಕೀ ಹತ್ತಿರಕ್ಕೆ ಎಳೆದುಕೊಂಡ. ಅದು ಯಾವ ಸೆಟ್ಟಿಗೂ ಸೇರಿಸದ ಅಭ್ಯಾಸದ ಕೀ, ಅದರ ಸದ್ದು ಆ ಕೋಣೆ ದಾಟುವುದಿಲ್ಲ. ಲಿಫ್ಟಿನ ಬೋರ್ಡಿನ ಅದೇ ಹಳೆಯ ಸಾಲಿರಬೇಕು ಎಂದುಕೊಂಡಳು ಅವಳು. ಜನರ ಲೆಕ್ಕ ಮಾತ್ರ ಬದಲಾಗಿತ್ತು.

ಇಬ್ಬರು ಮಾತ್ರ.

ಅವಳು ಕೀಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಒಂದು ಕ್ಷಣ ಯೋಚಿಸಿ, ತಪ್ಪಿಲ್ಲದೆ, ಕೊನೆಯ ಗೆರೆಯನ್ನು ಬೇಕೆಂದೇ ಅವನಂತೆ ಎಳೆದು ಕಳಿಸಿದಳು.

ಹೊರಡುವ ಮುನ್ನ ಬಾಗಿಲು ಮುಚ್ಚಿ.

ಅವನು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದ.

"ಭೇಷ್," ಎಂದ.