ಅಣ್ಣನ ಪಾಲಿನ ಚಂದ್ರಗಡುಬು

ಬಹಳ ಬಹಳ ಹಿಂದೆ, ಚೀನಾದೇಶದ ಮಂಜುಬೆಟ್ಟಗಳ ಆಚೆ, ಯುನ್‌ಹೇ ಎಂಬ ರಾಜ್ಯವಿತ್ತು. ಅಲ್ಲಿಯ ಚಂದ್ರಗಡುಬು ತಿನ್ನದವನ ನಾಲಿಗೆ ನಾಲಿಗೆಯೇ ಅಲ್ಲ, ತಿಳಿಯಿತೆ? ಹುಣ್ಣಿಮೆಯಷ್ಟು ದುಂಡಗೆ, ಒಳಗೆ ತಾವರೆಬೀಜದ ಹೂರಣ, ಮೇಲೆ ಮರದ ಅಚ್ಚಿನಲ್ಲಿ ಒತ್ತಿದ ಹೂವು. ಸುಗ್ಗಿಯ ಹುಣ್ಣಿಮೆಯಂದು ಮನೆಮಂದಿಯೆಲ್ಲ ಬೆಳದಿಂಗಳಲ್ಲಿ ಕೂತು ಒಂದೇ ಗಡುಬನ್ನು ಹಂಚಿಕೊಳ್ಳುವರು. ದೂರ ಹೋದವರಿಗೂ ಒಂದು ಪಾಲು ಎತ್ತಿಡುವರು. ಆ ಪಾಲನ್ನು ಬೇರೆ ಯಾರೂ ಮುಟ್ಟುವಂತಿಲ್ಲ.

ಇದನ್ನು ಕಂಡರೆ ಆಗದವನು ಗುಮೋ ಎಂಬ ಮಾಂತ್ರಿಕ. ಅವನಿಗೆ ಮನೆಯಿಲ್ಲ, ಮಂದಿಯಿಲ್ಲ. ಹೊಟ್ಟೆಕಿಚ್ಚು ತಾಳಲಾರದೆ ಚಂದ್ರನನ್ನೇ ಕದ್ದು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟ, ಪಾಪಿ! ಬಿಡಿಸಿ ತರುತ್ತೇನೆಂದು ಹೋದ ಬೋವೆನ್ ಎಂಬ ತರುಣ ಮರಳಿ ಬರಲಿಲ್ಲ.

ಹಬ್ಬ ಬಂತು, ಆಕಾಶ ಕಪ್ಪಗೇ ಉಳಿಯಿತು. "ಚಂದ್ರನೇ ಇಲ್ಲ, ಇನ್ನೆಲ್ಲಿಯ ಹಬ್ಬ?" ಎಂದು ಊರವರು ಒಲೆ ಹಚ್ಚಲಿಲ್ಲ.

ಬೋವೆನ್‌ನ ತಾಯಿ ಮಾತ್ರ ತೋಳೇರಿಸಿದಳು. "ಮೇಲಿಲ್ಲದಿದ್ದರೆ ಒಳಗಿಡೋಣ!" ಎಂದು ಉಪ್ಪಿನಲ್ಲಿ ನೆನೆಸಿದ ಬಾತುಮೊಟ್ಟೆಯ ಹಳದಿಯನ್ನು ಹೂರಣದ ನಡುವೆ ಇಟ್ಟು ಬೇಯಿಸಿದಳು. ಕತ್ತರಿಸಿದರೆ, ಅಬ್ಬಾ, ಪ್ರತಿ ಪಾಲಿನಲ್ಲೂ ಚಂದ್ರ!

ಪಾಲು ಮೂರು. ತನಗೊಂದು, ಮಗಳು ಸುಯಿನ್‌ಗೊಂದು, ಮಗನಿಗೊಂದು. "ಅಣ್ಣನ ಪಾಲನ್ನು ಅಣ್ಣನಿಗೇ ಮುಟ್ಟಿಸಿ ಬಾ ಮಗಳೇ. ನಮ್ಮಿಬ್ಬರದು ಯಾರು ಕೇಳಿದರೂ ಕೊಡು" ಎಂದು ಕಟ್ಟಿಕೊಟ್ಟಳು.

ಗುಮೋನ ಕೋಟೆಗೆ ಮೂರು ಬಾಗಿಲು. ಮೊದಲ ಬಾಗಿಲಲ್ಲಿ ಮಾತಾಡುವ ಹಾವು. "ತಿನ್ನಲು ಕೊಡು, ಇಲ್ಲವೆ ಜೀವ ಕೊಡು!" ಸುಯಿನ್ ತನ್ನ ಪಾಲು ಕೊಟ್ಟಳು. ಎರಡನೆಯ ಬಾಗಿಲಲ್ಲಿ ಕಬ್ಬಿಣದ ಕರಡಿ. "ತಿನ್ನಲು ಕೊಡು, ಇಲ್ಲವೆ ಜೀವ ಕೊಡು!" ಅವ್ವನ ಪಾಲು ಕೊಟ್ಟಳು. ಮೂರನೆಯ ಬಾಗಿಲಲ್ಲಿ ಮನೆಯಷ್ಟು ದೊಡ್ಡ ಹುಲಿ.

"ತಿನ್ನಲು ಕೊಡು, ಇಲ್ಲವೆ ಜೀವ ಕೊಡು!"

ಸುಯಿನ್ ತಲೆ ತಗ್ಗಿಸಲಿಲ್ಲ. "ಇದು ನನ್ನಣ್ಣ ಬೋವೆನ್‌ನ ಪಾಲು. ಇನ್ನೊಬ್ಬರಿಗೆ ಕೊಡುವ ರೂಢಿ ನಮ್ಮ ಮನೆಯಲ್ಲಿಲ್ಲ. ಬೇಕಾದರೆ ನನ್ನನ್ನು ತಿನ್ನು!"

ಆ ಹೆಸರು ಕೇಳಿದ್ದೇ ತಡ, ಹುಲಿಗೆ ಎಲ್ಲ ನೆನಪಾಗಿ ಕಣ್ಣೀರು ಸುರಿಯಿತು. "ನಾನೇ ಕಣೇ ತಂಗೀ, ನಿನ್ನಣ್ಣ! ಗುಮೋ ಮಂತ್ರ ಹಾಕಿ ಹುಲಿಯಾಗಿಸಿದ. ಮನೆಯಲ್ಲಿ ನನ್ನ ಹೆಸರಲ್ಲಿಟ್ಟ ಪಾಲು ತಿಂದರೆ ಮಾತ್ರ ಮನುಷ್ಯನಾಗುವೆನಂತೆ. ಹೋದವನಿಗೆ ಯಾರು ಪಾಲಿಡುತ್ತಾರೆ ಅಂತ ಗುಮೋ ಬಿದ್ದು ಬಿದ್ದು ನಕ್ಕಿದ್ದ."

"ಆ ಮೂಢನಿಗೇನು ಗೊತ್ತು ನಮ್ಮವ್ವನ ವಿಷಯ! ಬಾಯಿ ತೆಗಿ ಅಣ್ಣಾ."

ಹುಲಿ ತಿಂದಿತು, ಬೋವೆನ್ ಎದ್ದು ನಿಂತ. ಗುಮೋನ ಮಂತ್ರಗಳು ಒಂದಕ್ಕೊಂದು ಗಂಟು ಹಾಕಿದಂಥವು. ಒಂದು ಬಿಚ್ಚಿತೋ, ಎಲ್ಲ ಬಿಚ್ಚಿತು. ಅವನ ಮಂತ್ರಕ್ಕೆ ಸಿಕ್ಕಿದ್ದ ಹಾವು, ಕರಡಿಯೂ ಮತ್ತೆ ಮನುಷ್ಯರಾದರು. ಪೆಟ್ಟಿಗೆ ಒಡೆದು ಚಂದ್ರ ಆಕಾಶಕ್ಕೆ ಜಿಗಿದ. ಗುಮೋ ಹಿಟ್ಟಿನ ಹಾಗೆ ಪುಡಿಯಾಗಿ ಗಾಳಿಗೆ ಹಾರಿಹೋದ.

ಊರಿಗೆ ಊರೇ ಒಲೆ ಹಚ್ಚಿತು. ಎಲ್ಲರ ಗಡುಬಿನ ನಡುವೆಯೂ ಅಂದಿನಿಂದ ಹಳದಿ ಚಂದ್ರ ಕೂತ. ರಾಜ್ಯಕ್ಕೆ ರಾಜ್ಯವೇ ಸುಖವಾಗಿ ಬಾಳಿತು.

ಮಾಂತ್ರಿಕ ನಕ್ಕಿದ್ದ ಮಾತನ್ನು ಅಂದು ಮನೆಗೆ ಮರಳಿದ ಮಕ್ಕಳು ಹೇಳಿದಾಗ ತಾಯಿ ಬೋವೆನ್‌ನನ್ನು ಬಿಗಿಯಾಗಿ ತಬ್ಬಿ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ತಲೆ ಎತ್ತಿ ಅಂದಳು: "ನಾನು ಬದುಕಿರುವಾಗ ನನ್ನ ಮಗನ ಪಾಲು ತಪ್ಪೀತೆ?"