ಬೆನ್ನ ಮೇಲೆ ಎರಡು ಕೈ

"ಯಾರೋ ನನ್ನನ್ನು ನೀರಿಗೆ ತಳ್ಳಿದ್ರು. ಅದು ಯಾರು ಅಂತ ಸಂಜೆಯೊಳಗೆ ಗೊತ್ತಾಗ್ಬೇಕು ತಾಯಿ," ಎಂದರು ಆ ಹಿರಿಯರು. ಮೈಗೆ ಸುತ್ತಿಕೊಂಡಿದ್ದ ಕಂಬಳಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. "ಸಂಜೆ ಬಸ್ಸಿಗೆ ನನ್ನ ಅಳಿಯ, ತಮ್ಮನ ಜೊತೇನೇ ಮನೆಗೆ ಹೊರಡ್ಬೇಕು. ಇಬ್ಬರಲ್ಲಿ ಯಾರಿಗೆ ಹೆದರ್ಲಿ?"

ಸರೋವರದ ದಡದ ಆ ವಸತಿಗೃಹದಲ್ಲಿ ಅತ್ತಿಗೆಗೂ ನನಗೂ ಮೇಲಂತಸ್ತಿನ ಕೋಣೆಗಳನ್ನು ಬಿಟ್ಟುಕೊಟ್ಟಿದ್ದರು. ಅತಿಥಿಗಳ ಉಂಗುರ ಕಳೆದರೆ, ಒಬ್ಬರ ಪೆಟ್ಟಿಗೆ ಇನ್ನೊಬ್ಬರ ಮಂಚದ ಕೆಳಗೆ ಸಿಕ್ಕರೆ, ಪೊಲೀಸರಿಗಿಂತ ಮೊದಲು ಅತ್ತಿಗೆಯನ್ನೇ ಕರೆಯುತ್ತಿದ್ದರು. ಅವರು ನ್ಯಾಯಾಲಯದಲ್ಲಿ ಬೆರಳಚ್ಚುಗಾರ್ತಿಯಾಗಿದ್ದವರು. ಸಾಕ್ಷಿಗಳ ಸುಳ್ಳನ್ನೆಲ್ಲ ಜೀವಮಾನವಿಡೀ ಅಕ್ಷರ ಬಿಡದೆ ಬಡಿದು ಬಡಿದು, ಮಾತು ಎಲ್ಲಿ ಕುಂಟುತ್ತದೆ ಎಂಬುದು ಅವರ ಕಿವಿಗೆ ಗೊತ್ತಾಗಿಹೋಗಿತ್ತು. ಬಂದವರಿಗೆ ಕುರ್ಚಿ ಎಳೆದುಕೊಟ್ಟು, ಅತ್ತಿಗೆಯ ಹಿಂದೆ ತಿರುಗಾಡುವುದು ನನ್ನ ಕೆಲಸ.

ಹಿರಿಯರು ಕನ್ನಡಕದ ಅಂಗಡಿಯ ಯಜಮಾನರು. ಚಳಿಗೆ ಹಲ್ಲು ಕಟಕಟ ಎನ್ನುತ್ತಿದ್ದರೂ ಅತ್ತಿಗೆಯ ಸೊಟ್ಟ ಕನ್ನಡಕ ನೋಡಿ ಸುಮ್ಮನಿರಲಾಗಲಿಲ್ಲ. "ಕೊಡಿ ಇಲ್ಲಿ," ಎಂದು ಇಸಿದುಕೊಂಡು ಅದರ ಕಾಲನ್ನು ಬಗ್ಗಿಸಿ ಸರಿಮಾಡಿಕೊಟ್ಟರು.

"ನಿಮ್ಮನ್ನು ಕಂಡ್ರೆ ಅವರಿಗೇನು ಸಿಟ್ಟು?" ಎಂದು ಅತ್ತಿಗೆ ಕೇಳಿದರು.

"ನಾನು ಮತ್ತೆ ಮದುವೆ ಆಗ್ತೀನಿ ಅಂದೆ." ಅವರ ಕಿವಿ ಕೆಂಪಾಯಿತು. "ಅಂಗಡಿ ಪಕ್ಕದ ಹೊಲಿಗೆಯವರು. ಅವರಿಗೂ ಯಾರೂ ಇಲ್ಲ. ಮಗಳು ಮಾತು ಬಿಟ್ಟಳು. ಅಳಿಯನೇ ಮುಂದೆ ಬಿದ್ದು, ಬನ್ನಿ ಮಾವ, ಒಂದು ಹಾಯಿದೋಣಿ ನಮಗೇ ಅಂತ ತಗೊಂಡು ಆರಾಮಾಗಿ ಮಾತಾಡೋಣ ಅಂದ. ತಮ್ಮನೂ ಬಂದ. ಅಳಿಯ ನನ್ನ ಅಂಗಡಿ ನೋಡ್ಕೊತಾನೆ, ತಮ್ಮ ನನ್ನ ಮನೆ ಮಹಡೀಲಿದ್ದಾನೆ. ಹೊಸಬರು ಮನೆಗೆ ಬಂದ್ರೆ ತಂತಮ್ಮ ಗತಿಯೇನು ಅಂತ ಇಬ್ಬರಿಗೂ ಕಸಿವಿಸಿ."

"ನೀರಿಗೆ ಬಿದ್ದದ್ದು ಹೇಗೆ?"

"ದೋಣಿ ಒಂದು ಮಗ್ಗುಲಿಗೆ ವಾಲಿಕೊಂಡು ಹೋಗ್ತಿತ್ತು. ಈಗ ತಿರುಗಿಸ್ತೀನಿ, ಹಾಯಿಯ ಗಳ ಬರ್ತದೆ, ತಲೆ ತಗ್ಗಿಸಿ ಅಂತ ದೋಣಿಯಕ್ಕ ಕೂಗಿದ್ಲು. ದೋಣಿ ಇನ್ನೊಂದು ಮಗ್ಗುಲಿಗೆ ವಾಲ್ತು. ನಾನು ತಗ್ಗಿಸಿ ಏಳೋದರಲ್ಲಿ ಬೆನ್ನ ಮೇಲೆ ಎರಡು ಕೈ. ಎರಡೂ ಅಂಗೈ ಚೆನ್ನಾಗಿ ಗೊತ್ತಾಯ್ತು. ಅಳಿಯ ದೋಣಿಯ ಕೆಳಗಿನ ಕೋಣೇಲಿ ಟೀ ಮಾಡ್ತಿದ್ದನಂತೆ, ತಮ್ಮ ಹಗ್ಗ ಎಳೀತಿದ್ದನಂತೆ. ಕಾಲು ಜಾರಿತು ಅಂತ ಇಬ್ಬರೂ ಒಂದೇ ರಾಗ."

"ತೇಲುವ ಅಂಗಿ ಹಾಕಿರ್ಲಿಲ್ವ?"

"ಅಳಿಯ ಸೆಕೆ ಅಂತ ಬಿಚ್ಚಿಸಿದ."

ಅತ್ತಿಗೆ ನನ್ನತ್ತ ನೋಡಿದರು. ಅಳಿಯನೇ ಎಂದು ನಾನು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದೆ. "ಸೆಕೆ ಆದವರೆಲ್ಲ ಕೊಲೆಗಾರರಲ್ಲ ಕಣೇ," ಎಂದು ಎದ್ದರು.

ಕೆಳಗೆ ಹಜಾರದಲ್ಲಿ ಹಿರಿಯರ ತಮ್ಮ ಬೆಂಚಿನ ತುದಿಯಲ್ಲಿ ಕುಳಿತಿದ್ದರು, ಅಳಿಯ ಕಿಟಕಿಯ ಬಳಿ ನಿಂತಿದ್ದ. ನಾವು ಬಂದದ್ದೇ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಬೇರೆಡೆ ನೋಡಿದರು.

"ನಾನು ಕೆಳಗಿದ್ದೆ," ಎಂದ ಅಳಿಯ. "ದೋಣಿ ತಿರುಗುವಾಗ ಟೀ ಪಾತ್ರೆ ಹಿಡ್ಕೊಂಡು ನಿಂತಿದ್ದೆ. ನೀರಿಗೆ ಬಿದ್ದ ಸದ್ದು ಕೇಳಿ ಏಣಿ ಹತ್ತಿ ಓಡಿ ಬಂದೆ. ತಪ್ಪೆಲ್ಲ ಆ ಹೆಂಗಸಿಂದು. ಅಷ್ಟು ಜೋರಾಗಿ ತಿರುಗಿಸಬಹುದಾ?"

"ನಾನು ಹಗ್ಗದ ಹತ್ರ ಇದ್ದೆ," ಎಂದರು ತಮ್ಮ. "ಇವನು ಏಣಿಯಿಂದ ಮೇಲೆ ಬಂದದ್ದನ್ನ ಕಣ್ಣಾರೆ ಕಂಡೆ."

"ಕೈ ತೋರಿಸಿ," ಎಂದರು ಅತ್ತಿಗೆ.

ತಮ್ಮನ ಎರಡೂ ಅಂಗೈಗಳಲ್ಲಿ ಹಗ್ಗ ಉಜ್ಜಿದ ಕೆಂಪು ಪಟ್ಟೆ ಎದ್ದಿತ್ತು. ಅಳಿಯನ ಅಂಗೈ ನುಣ್ಣಗಿತ್ತು. ಅತ್ತಿಗೆ ಅವನ ಬರಿಗಾಲನ್ನೂ ನೋಡಿದರು. ಪಾದದಲ್ಲಿ ಗೀರು ಕೂಡ ಇರಲಿಲ್ಲ.

ದೋಣಿಕಟ್ಟೆಯಲ್ಲಿ ದೋಣಿಯಕ್ಕ ಹಾಯಿಯನ್ನು ಮಡಿಸದೆ ರಾಶಿ ಹಾಕಿ ಪಕ್ಕದಲ್ಲಿ ಕುಳಿತಿದ್ದಳು. ಪೊಲೀಸ್ ಚೌಕಿಯ ದಫೇದಾರರು ಅವಳ ದೋಣಿ ಪರವಾನಗಿಯನ್ನು ಜೇಬಿಗಿಳಿಸಿಕೊಂಡು ಹೋಗಿದ್ದರು.

"ನಾನು ಕೂಗಿಯೇ ತಿರುಗಿಸಿದ್ದು ಅಮ್ಮ. ನಾನಿರೋದು ಹಿಂದೆ, ಚುಕ್ಕಾಣಿ ಹತ್ರ. ಹಾಯಿ ಅಡ್ಡ ಬಂದ್ರೆ ಮುಂದಿನವರು ಕಾಣಲ್ಲ. ಕೆಳಗಿಳಿಯೋ ಏಣೀನೂ ಹಾಯಿಯ ಆಚೆಗೇ ಇದೆ. ಮುಂದಿನ ಚಿಕ್ಕ ಹಾಯಿ ಮಾತ್ರ ನನಗೆ ಕಾಣ್ತದೆ. ಅದನ್ನ ಆ ತಮ್ಮನವರು ತಡಮಾಡದೆ ಎಳೆದು ಬಿಗಿ ಹಿಡಿದ್ರು, ಅದು ಗಾಳಿ ತುಂಬ್ಕೊಳ್ತು. ಚೆನ್ನಾಗೇ ಕಲಿತ್ರು ಅಂದ್ಕೊಂಡೆ."

"ಏನಾದ್ರೂ ಸದ್ದು?"

"ಕೆಳಗೆ ಗಾಜು ಒಡೀತು. ಸಕ್ಕರೆ ಹೋಯ್ತಲ್ಲಪ್ಪ ಅಂದ್ಕೊಂಡೆ. ಅಷ್ಟರಲ್ಲಿ ದೊಪ್ಪಂತ ನೀರಿಗೆ ಬಿದ್ದ ಸದ್ದು. ತೇಲುವ ಬಳೆ ಎಸೆದು, ದೋಣಿ ಸುತ್ತಿಸಿ ಎಳ್ಕೊಂಡೆ. ಕಂಬಳಿ ಮೇಲಿನ ಪೆಟ್ಟಿಗೇಲೇ ಇತ್ತು. ಕೆಳಗೆ ಯಾರೂ ಇಳೀಲಿಲ್ಲ. ದಡಕ್ಕೆ ಬಂದೋಳೇ ಬಾಗಿಲು ಎಳೆದು ಬೀಗ ಹಾಕ್ದೆ."

"ಎಲ್ಲರ ಚಪ್ಪಲಿ?"

"ದೋಣಿಕಟ್ಟೆ ಮೇಲೇ ಬಿಡಿಸ್ತೀನಿ. ದೋಣಿ ಮೇಲೆ ಬರಿಗಾಲು, ಅದು ನನ್ನ ನಿಯಮ."

ಬೀಗ ತೆಗೆಸಿ ನಾವು ಮೇಲಿನಿಂದಲೇ ಬಗ್ಗಿ ನೋಡಿದೆವು. ಕೆಳಗಿನ ಕೋಣೆ ಒಂದು ಬೀರುವಿನಷ್ಟು ಇಕ್ಕಟ್ಟು. ಒಲೆ, ಕಟ್ಟೆ, ಕಪ್ಪುಗಳು. ಏಣಿಯ ಬುಡದಲ್ಲಿ ಗೋಡೆಯಿಂದ ಗೋಡೆಗೆ ಸಕ್ಕರೆ ಹರಡಿಕೊಂಡು, ನಡುನಡುವೆ ಗಾಜಿನ ಚೂರು ಮಿನುಗುತ್ತಿತ್ತು. ಗುಡಿಸೋಣವೆಂದು ನನ್ನ ಕೈ ತಾನಾಗಿಯೇ ಬಾಗಿಲ ಪಕ್ಕದ ಪೊರಕೆಗೆ ಚಾಚಿತು.

"ಕೈ ಸುಮ್ನಿರ್ಲಿ," ಎಂದರು ಅತ್ತಿಗೆ. "ಈ ಕೇಸಲ್ಲಿ ಸುಳ್ಳು ಹೇಳದೇ ಇರೋದು ಈ ನೆಲ ಒಂದೇ." ನಂತರ ದೋಣಿಯಕ್ಕನ ಕಡೆ ತಿರುಗಿದರು. "ಸಕ್ಕರೆ ಭರಣಿ ಎಲ್ಲಿಡ್ತೀಯ?"

"ಗೋಡೆಯ ಗೂಡಲ್ಲಿ, ಅಡ್ಡಪಟ್ಟಿ ಹಾಕಿ. ವಾಲೋ ದೋಣೀಲಿ ಯಾರಾದ್ರೂ ಗಾಜಿನ ಭರಣೀನ ಕಟ್ಟೆ ಮೇಲೆ ಬಿಡ್ತಾರಾ?"

ಬಸ್ಸಿಗೆ ಇನ್ನೂ ಹೊತ್ತಿರುವಾಗಲೇ ಅತ್ತಿಗೆ ಎಲ್ಲರನ್ನೂ ಹಜಾರದಲ್ಲಿ ಕೂರಿಸಿದರು. ದಫೇದಾರರು ಬಾಗಿಲ ಪಕ್ಕ ನಿಂತರು. ಹಿರಿಯರು ಒಣ ಬಟ್ಟೆ ತೊಟ್ಟು ಬಂದು, ತಮ್ಮ ಮತ್ತು ಅಳಿಯ ಇಬ್ಬರಿಗೂ ದೂರವಾದ ಕುರ್ಚಿ ಹಿಡಿದರು. ಗೋಡೆಗೆ ಬೆನ್ನು ಒತ್ತಿಕೊಂಡು ಕೂತದ್ದು ನನ್ನ ಕಣ್ಣಿಗೆ ಬಿತ್ತು.

"ತಳ್ಳಿದ್ದು ಎರಡು ಕೈ," ಎಂದು ಅತ್ತಿಗೆ ಶುರು ಮಾಡಿದರು. "ತಮ್ಮನ ಎರಡೂ ಕೈಯಲ್ಲಿ ಆಗ ಹಗ್ಗ ಇತ್ತು. ಅಂಗೈ ಹೇಳ್ತದೆ, ಗಾಳಿ ತುಂಬಿದ ಹಾಯೀನೂ ಹೇಳ್ತದೆ. ಬಿಟ್ಟಿದ್ರೆ ಅದು ಪಟಪಟ ಅಂತ ಬಡ್ಕೊಳ್ತಿತ್ತು. ದೋಣಿಯಕ್ಕ ಹಿಂದೆ ಚುಕ್ಕಾಣಿ ಹಿಡಿದಿದ್ಲು. ಉಳಿದವರು ಅಳಿಯಂದಿರು."

"ನಾನು ಕೆಳಗಿದ್ದೆ ಅಂದೆನಲ್ಲ," ಎಂದ ಅಳಿಯ.

"ಸಕ್ಕರೆ ಎಲ್ಲಿತ್ತಪ್ಪ ಆಗ?"

"ಕಟ್ಟೆ ಮೇಲೆ. ಭರಣಿ, ಕಪ್ಪು ಎಲ್ಲ ನಾನೇ ತೆಗೆದಿಟ್ಟಿದ್ದೆ. ಬೇಕಾದ್ರೆ ಹೋಗಿ ನೋಡಿ."

"ನೋಡಿದ್ವಿ. ಭರಣಿ ಬಿದ್ದು ಒಡೆದಿದೆ."

ಅವನು ತುಟಿ ಸವರಿಕೊಂಡ. "ನಾನು ಮೇಲೆ ಬಂದ ಮೇಲೆ ಬಿದ್ದಿರಬೇಕು."

"ನೀರಿನ ಸದ್ದು ಕೇಳಿ ಮೇಲೆ ಬಂದೆ ಅಂದ್ರಿ. ಗಾಜು ಒಡೆದದ್ದು ನೀರಿನ ಸದ್ದಿಗಿಂತ ಮುಂಚೆ. ದೋಣಿ ಆ ಮಗ್ಗುಲಿಂದ ಈ ಮಗ್ಗುಲಿಗೆ ವಾಲಿದಾಗ ಕಟ್ಟೆ ಮೇಲಿದ್ದದ್ದು ನೆಲ ಕಂಡಿದೆ. ನೀವು ಅಲ್ಲೇ ಇದ್ದಿದ್ರೆ ಸಕ್ಕರೆ, ಗಾಜು ತುಳೀದೆ ಆ ಏಣಿ ಹತ್ತೋಕಾಗಲ್ಲ. ಅದೂ ಬರಿಗಾಲಲ್ಲಿ. ನಿಮ್ಮ ಪಾದ ಹೂವಿನ ಹಾಗಿದೆ. ಸಕ್ಕರೆ ಮೇಲೆ ಒಂದು ಹೆಜ್ಜೇನೂ ಇಲ್ಲ. ಯಾವಾಗಲೋ ಕೆಳಗಿಳಿದು ಟೀ ಮಾಡೋ ಹಾಗೆ ಎಲ್ಲ ಜೋಡಿಸಿಟ್ಟು, ಸದ್ದಿಲ್ಲದೆ ಮೇಲೆ ಬಂದು, ಮಾವನ ಹಿಂದೆ ಕಾದು ನಿಂತ್ರಿ. ದೋಣಿ ತಿರುಗಿದ್ರೆ ಕಟ್ಟೆ ಮೇಲಿನದು ಉರುಳ್ತದೆ ಅನ್ನೋದು ನಿಮಗೆ ಹೊಳೀಲಿಲ್ಲ."

ಅಳಿಯ ಬಾಗಿಲ ಕಡೆ ನೋಡಿದ. ದಫೇದಾರರು ಅಲ್ಲಿಂದ ಅಲುಗಲಿಲ್ಲ. "ಅಂಗಡಿಗೆ ನನ್ನ ಅರ್ಧ ಆಯಸ್ಸು ಹಾಕಿದ್ದೀನಿ," ಎಂದ ಅವನು, ನೆಲಕ್ಕೆ ಹೇಳುವವನ ಹಾಗೆ. "ಯಾರೋ ಹೊಲಿಗೆಯವಳಿಗೆ ಬಿಟ್ಟುಕೊಡೋಕಾ?"

ದಫೇದಾರರು ಜೇಬಿನಿಂದ ಪರವಾನಗಿ ತೆಗೆದು ದೋಣಿಯಕ್ಕನ ಕೈಗಿತ್ತು, ಅಳಿಯನ ತೋಳು ಹಿಡಿದು ಹೊರನಡೆದರು. ಎಲ್ಲ ಮುಗಿಯಿತೆಂದು ನಾನು ಎದ್ದೆ. ಅತ್ತಿಗೆ ಏಳಲಿಲ್ಲ.

"ಇನ್ನೊಂದಿದೆ. ಏಣಿಯಿಂದ ಯಾರೂ ಬರ್ಲಿಲ್ಲ. ಬಂದದ್ದನ್ನ ಕಣ್ಣಾರೆ ಕಂಡೆ ಅಂದವರು ಒಬ್ಬರಿದ್ದಾರೆ."

ಹಿರಿಯರು ನಿಧಾನವಾಗಿ ತಮ್ಮನ ಕಡೆ ತಿರುಗಿದರು.

"ಅಣ್ಣ, ನನ್ನ ಕೈಯಲ್ಲಿ ಹಗ್ಗ ಇತ್ತು," ಎಂದರು ತಮ್ಮ. "ಅವನು ನಿನ್ನ ಹಿಂದೆ ಬಂದು ನಿಂತದ್ದು ಕಾಣಿಸ್ತು. ಅಷ್ಟರಲ್ಲಿ..."

"ಬಾಯಲ್ಲೂ ಹಗ್ಗ ಇತ್ತೇನೋ?" ಎಂದರು ಹಿರಿಯರು. "ಅಣ್ಣಾ ಅಂತ ಒಂದು ಸಲ ಕೂಗೋಕೆ ಆಗ್ಲಿಲ್ವ?"

ತಮ್ಮ ಎದ್ದು ನಿಂತರು. ಚೀಲ ಎತ್ತಿಕೊಂಡು, "ಬಸ್ಸಿನ ಹೊತ್ತಾಯ್ತು, ಬಾ ಅಣ್ಣ," ಎಂದರು. ಹಾಗೆ ಕರೆಯುವ ಧೈರ್ಯ ಅವರಿಗೆ ಎಲ್ಲಿಂದ ಬಂತೋ.

"ತಳ್ಳಿದವನ ಜೊತೆ ಆದ್ರೂ ಹೋಗ್ತಿದ್ದೆ, ಅವನ ಕೈ ಎಲ್ಲಿದೆ ಅಂತ ನೋಡ್ಕೊಂಡು," ಎಂದರು ಹಿರಿಯರು. "ನೋಡಿ ಸುಮ್ಮನಾದವನ ಜೊತೆ ಹೇಗಪ್ಪ ಬರ್ಲಿ? ನೀನು ಹೋಗು."

ತಮ್ಮ ಹೋದ ಮೇಲೆ ಅವರು ಅತ್ತಿಗೆಯನ್ನು ಒಂದೇ ಒಂದು ಮಾತು ಕೇಳಿದರು: ಇಲ್ಲಿ ಉಳಿಯಲು ಒಳಗಿನ ಚಿಲಕ ಗಟ್ಟಿಯಿರುವ ಕೋಣೆ ಇದೆಯೇ? ನಾನೇ ಕರೆದುಕೊಂಡು ಹೋಗಿ ತೋರಿಸಿದೆ. ಚಿಲಕವನ್ನು ಎಳೆದು ಎಳೆದು ಪರೀಕ್ಷಿಸಿ ಬಾಗಿಲು ಹಾಕಿಕೊಂಡರು. ಚಿಲಕ ಬಿದ್ದ ಸದ್ದು ಕೇಳಿಸಿತು. ನಾನು ಮೆಟ್ಟಿಲು ಇಳಿಯುವುದರೊಳಗೆ ಅದನ್ನು ಮತ್ತೆ ತೆಗೆದ ಸದ್ದಾಯಿತು.

"ಅಮ್ಮ, ಫೋನ್ ಎಲ್ಲಿದೆ?" ಎಂದರು ಬಾಗಿಲಲ್ಲಿ ನಿಂತು. "ಮಗಳಿಗೆ ಅವಳ ಗಂಡನ ವಿಷಯ ನಾನೇ ಹೇಳ್ಬೇಕು. ಪೊಲೀಸರ ಬಾಯಿಂದ ಕೇಳಿದ್ರೆ ಅವಳು ಒಬ್ಬಳೇ ಆಗಿಬಿಡ್ತಾಳೆ."